ಶಾಲೆಗೆ ಬಂದ ಬೆದರಿಕೆ: ಭಯವೂ ಬೇಡ, ಉದಾಸೀನವೂ ಬೇಡ

2023ರ ಡಿಸೆಂಬರ್ 1ನೇ ತಾರೀಕು, ಶುಕ್ರವಾರ. ಬೆಂಗಳೂರು ನಗರ ಹಾಗೂ ಸುತ್ತಮುತ್ತಲಿನ 60ಕ್ಕೂ ಹೆಚ್ಚು ಶಾಲೆಗಳ ಕಚೇರಿಗಳಲ್ಲಿ ಅಂದು ಬೆಳಿಗ್ಗೆ ಗಣಕಯಂತ್ರ ತೆರೆದವರಿಗೆ ಒಂದೇ ಬಗೆಯ ಇ-ಮೇಲ್ ಕಾದಿತ್ತು. ಶಾಲೆಯ ಆವರಣದಲ್ಲಿ ಬಾಂಬ್ ಇರಿಸಲಾಗಿದೆ ಎಂಬುದು ಅದರ ಸಾರಾಂಶ. ಕೆಲವೇ ನಿಮಿಷಗಳಲ್ಲಿ ಮಕ್ಕಳನ್ನು ತರಗತಿಗಳಿಂದ ಹೊರಕ್ಕೆ ಕಳುಹಿಸಲಾಯಿತು. ಬಾಂಬ್ ನಿಷ್ಕ್ರಿಯ ದಳ, ಶ್ವಾನದಳಗಳು ಧಾವಿಸಿದವು. ಸುದ್ದಿ ತಿಳಿದ ಹೆತ್ತವರು ಮನೆಗೆಲಸ, ಕಚೇರಿಗಳನ್ನು ಬಿಟ್ಟು ಶಾಲೆಗಳತ್ತ ಓಡಿದರು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಸದಾಶಿವನಗರದ ತಮ್ಮ ನಿವಾಸದ ಎದುರಿನ ಶಾಲೆಗೇ ಹೋಗಿ ವಿಚಾರಿಸಬೇಕಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೆತ್ತವರು ಗಾಬರಿಗೊಳ್ಳಬಾರದೆಂದು ವಿನಂತಿಸಿದರು. ಶೋಧನೆಯ ಬಳಿಕ ಯಾವ ಶಾಲೆಯಲ್ಲಿಯೂ ಸ್ಫೋಟಕ ದೊರೆಯಲಿಲ್ಲ.

ಇದು ಮೊದಲನೆಯದಾಗಿರಲಿಲ್ಲ, ಕೊನೆಯದೂ ಆಗಲಿಲ್ಲ. 2022ರ ಎಪ್ರಿಲ್ 8ರಂದು ಪರೀಕ್ಷೆಗಳು ನಡೆಯುತ್ತಿದ್ದ ಹೊತ್ತಿನಲ್ಲಿಯೇ ಬೆಂಗಳೂರಿನ 10ಕ್ಕೂ ಹೆಚ್ಚು ಶಾಲೆಗಳಿಗೆ ಇಂಥದೇ ಪತ್ರಗಳು ಬಂದಿದ್ದವು. 2024ರ ಮೇ 1ರಂದು ದಿಲ್ಲಿ ಮತ್ತು ಅದರ ನೆರೆಯ ಪ್ರದೇಶಗಳ ನೂರಕ್ಕೂ ಹೆಚ್ಚು ಶಾಲೆಗಳು ಒಂದೇ ದಿನ ಬೆದರಿಕೆಗೆ ಒಳಗಾದವು. 2025ರ ಜುಲೈ 18ರಂದು ಬೆಂಗಳೂರಿನ ಸುಮಾರು 40 ಶಾಲೆಗಳೂ ದಿಲ್ಲಿಯ ಹಲವಾರು ಶಾಲೆಗಳೂ ಒಟ್ಟಿಗೆ ತತ್ತರಿಸಿದವು. ಈ ನಾಲ್ಕೂ ಸಂದರ್ಭಗಳಲ್ಲಿ ಬಾಂಬ್ ಸಿಗಲಿಲ್ಲ. ಬೆದರಿಕೆ ಹುಸಿ ಎಂದೇ ಪೊಲೀಸರು ತೀರ್ಮಾನಿಸಿದರು.

ಹಾಗಾದರೆ ಮುಂದೆ ಇಂಥ ಪತ್ರ ಬಂದಾಗ ಮುಖ್ಯೋಪಾಧ್ಯಾಯರು ಅದನ್ನು ಕಸದ ಬುಟ್ಟಿಗೆ ಎಸೆದು ಪಾಠ ಮುಂದುವರಿಸಬಹುದೆ? ಅಥವಾ ಪ್ರತಿ ಬಾರಿಯೂ ಸಾವಿರಾರು ಮಕ್ಕಳನ್ನು ಬೀದಿಗೆ ಇಳಿಸಲೇಬೇಕೆ? ಮಕ್ಕಳನ್ನು ಶಾಲೆಗೆ ಕಳುಹಿಸುವ ಪ್ರತಿಯೊಂದು ಕುಟುಂಬಕ್ಕೂ ಈ ಪ್ರಶ್ನೆ ಸಂಬಂಧಿಸಿದೆ. ಶಾಲೆಗಳನ್ನು ಕಟ್ಟಿ ನಡೆಸುವುದನ್ನೇ ತಲೆಮಾರುಗಳಿಂದ ಸೇವೆಯೆಂದು ಭಾವಿಸಿರುವ ಕೆಥೋಲಿಕ ಸಮಾಜಕ್ಕಂತೂ ಇದು ಇನ್ನಷ್ಟು ಹತ್ತಿರದ ವಿಚಾರ. ನಮ್ಮ ಸಂಸ್ಥೆಗಳಲ್ಲಿ ಕಲಿಯುವ ಎಲ್ಲ ಮತಧರ್ಮಗಳ ಮಕ್ಕಳ ಪ್ರಾಣವೂ ದಿನಕ್ಕೆ ಆರೇಳು ಗಂಟೆಗಳ ಕಾಲ ನಮ್ಮ ಧರ್ಮಭಗಿನಿಯರ, ಧರ್ಮಗುರುಗಳ, ಶಿಕ್ಷಕ ಶಿಕ್ಷಕಿಯರ ವಶದಲ್ಲಿರುತ್ತದೆ.

ತೋಳ ಬಂತು ತೋಳ

ಕುರಿ ಕಾಯುವ ಹುಡುಗನ ಕಥೆಯನ್ನು ಅರಿಯದವರಿಲ್ಲ. "ತೋಳ ಬಂತು ತೋಳ" ಎಂದು ಎರಡು ಸಲ ಸುಳ್ಳು ಕೂಗಿದ ಹುಡುಗನ ಮೂರನೆಯ ನಿಜವಾದ ಕೂಗಿಗೆ ಯಾರೂ ಬರಲಿಲ್ಲ. ಹುಸಿ ಬೆದರಿಕೆಗಳ ದೊಡ್ಡ ಅಪಾಯವಿರುವುದು ಇಲ್ಲಿಯೇ. ಹತ್ತು ಸಲ ಸುಳ್ಳಾದದ್ದು ಹನ್ನೊಂದನೆಯ ಸಲವೂ ಸುಳ್ಳೇ ಆಗಿರುತ್ತದೆ ಎಂಬ ಉದಾಸೀನ ಮನುಷ್ಯಸಹಜ.

ಆದರೆ ಶಾಲೆಗಳ ಮೇಲೆ ನಿಜವಾದ ದಾಳಿ ನಡೆದದ್ದೂ ಇದೆ. 2004ರ ಸೆಪ್ಟೆಂಬರ್ 1ರಂದು ರಷ್ಯಾದ ಬೆಸ್ಲಾನ್ ಪಟ್ಟಣದ ಶಾಲೆಯಲ್ಲಿ ಹೊಸ ವರ್ಷದ ಪಾಠಗಳ ಮೊದಲ ದಿನದ ಸಂಭ್ರಮಕ್ಕೆ ಸೇರಿದ್ದ ಮಕ್ಕಳು ಹಾಗೂ ಹೆತ್ತವರನ್ನು ಉಗ್ರರು ಒತ್ತೆಯಾಗಿರಿಸಿಕೊಂಡರು. ಮೂರನೆಯ ದಿನ ಅದು ಮುಗಿದಾಗ 330ಕ್ಕೂ ಹೆಚ್ಚು ಮಂದಿ ಸತ್ತಿದ್ದರು; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳು. 2014ರ ಡಿಸೆಂಬರ್ 16ರಂದು ಪಾಕಿಸ್ತಾನದ ಪೇಶಾವರದ ಸೇನಾ ಶಾಲೆಗೆ ನುಗ್ಗಿದ ಉಗ್ರರು 130ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೊಂದರು. ಇವನ್ನು ನೆನಪಿಟ್ಟುಕೊಂಡ ಯಾವ ಮುಖ್ಯೋಪಾಧ್ಯಾಯರೂ "ಇದು ಯಾರೋ ಪೋಕರಿಗಳ ಕೆಲಸ" ಎಂದು ತಮ್ಮ ಊಹೆಯ ಬಲದಿಂದಲೇ ತೀರ್ಪು ಕೊಡಲಾರರು. ಕೊಡಲೂ ಕೂಡದು. ಪತ್ರ ಹುಸಿಯೋ ನಿಜವೋ ಎಂದು ನಿರ್ಧರಿಸುವುದು ಪೊಲೀಸರ ಕೆಲಸ. ನಿರ್ಧಾರವಾಗುವ ತನಕ ಮಕ್ಕಳನ್ನು ಕಾಪಾಡುವುದು ಶಾಲೆಯ ಕೆಲಸ. ಈ ಎರಡು ಕೆಲಸಗಳನ್ನು ಬೆರೆಸಿದಾಗಲೇ ಎಡವಟ್ಟಾಗುತ್ತದೆ.

ಉದಾಸೀನದ ಎದುರು ತುದಿಯಲ್ಲಿರುವುದು ಗಾಬರಿ. ಅದೂ ಕೊಲ್ಲಬಲ್ಲುದು. 1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಶಾಲೆಯೊಂದರ ಬಹುಮಾನ ವಿತರಣೆಯ ಸಮಾರಂಭಕ್ಕೆ ಹಾಕಿದ್ದ ಶಾಮಿಯಾನಕ್ಕೆ ಬೆಂಕಿ ಹತ್ತಿಕೊಂಡಾಗ 400ಕ್ಕೂ ಹೆಚ್ಚು ಮಂದಿ, ಬಹುತೇಕ ಮಕ್ಕಳು ಮತ್ತು ತಾಯಂದಿರು, ಅಸುನೀಗಿದರು. ನೂರಾರು ಮಂದಿ ಒಮ್ಮೆಲೇ ನುಗ್ಗಿದಾಗ ಹೊರಬರಲು ಸಾಕಷ್ಟು ದಾರಿಯೇ ಇರಲಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಅಡುಗೆಮನೆಯ ಕಿಡಿ ಹುಲ್ಲಿನ ಮಾಡಿಗೆ ತಗಲಿ 94 ಎಳೆಯ ಮಕ್ಕಳು ಬೆಂದುಹೋದರು. ಈ ಎರಡು ದುರಂತಗಳಲ್ಲಿ ಬಾಂಬೂ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಇದ್ದುದು ಇಕ್ಕಟ್ಟಾದ ದಾರಿ, ಸಿದ್ಧತೆಯಿಲ್ಲದ ಆಡಳಿತ. ಹುಸಿ ಬೆದರಿಕೆಗೆ ಬೆದರಿ ಮೂರನೆಯ ಮಹಡಿಯಿಂದ ಐನೂರು ಮಕ್ಕಳು ಒಂದೇ ಮೆಟ್ಟಿಲಿನಲ್ಲಿ ಓಡಿ ಇಳಿದರೆ ಬಾಂಬ್ ಇಲ್ಲದೆಯೂ ಅನಾಹುತವಾಗಬಹುದು.

ಮೊದಲ ಒಂದು ಗಂಟೆ

ಆದುದರಿಂದ ಬೆದರಿಕೆ ಬಂದ ಮೊದಲ ಒಂದು ಗಂಟೆಯಲ್ಲಿ ಶಾಲೆಯ ಕಚೇರಿ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಮುಖ್ಯ. ಈ ನಡವಳಿಕೆ ಆ ಗಳಿಗೆಯಲ್ಲಿ ಹೊಳೆಯುವಂಥದಲ್ಲ. ಮೊದಲೇ ಬರೆದು, ಅಭ್ಯಾಸ ಮಾಡಿ, ಪ್ರತಿಯೊಬ್ಬರಿಗೂ ಅವರವರ ಪಾಲನ್ನು ಒಪ್ಪಿಸಿ ಇಟ್ಟಿರಬೇಕಾದದ್ದು.

ಇ-ಮೇಲ್ ಬಂದಿದ್ದರೆ ಅದನ್ನು ಅಳಿಸಬಾರದು. ಕುತೂಹಲಕ್ಕಾಗಿ ಹತ್ತು ಜನರಿಗೆ ಕಳುಹಿಸಲೂಬಾರದು. ಅದು ಪೊಲೀಸರಿಗೆ ಬೇಕಾದ ಸಾಕ್ಷ್ಯ. ದೂರವಾಣಿಯಲ್ಲಿ ಬೆದರಿಕೆ ಬಂದರೆ ಕೇಳಿದ ಮಾತುಗಳನ್ನು ಹಾಗೆಯೇ ಬರೆದಿಟ್ಟುಕೊಳ್ಳಬೇಕು. ಸಮಯ, ಧ್ವನಿ, ಹಿನ್ನೆಲೆಯ ಸದ್ದು ಎಲ್ಲವೂ ಉಪಯುಕ್ತ. ಕೂಡಲೇ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಬೇಕು. ಮೇಲಿನ ಆಡಳಿತ ಮಂಡಳಿಯ ಅಪ್ಪಣೆ ಬರಲಿ ಎಂದು ಕಾಯುತ್ತ ಕೂರುವ ಸಂದರ್ಭ ಇದಲ್ಲ. ಸ್ಥಳದಲ್ಲಿರುವ ಹಿರಿಯ ಶಿಕ್ಷಕರಿಗೇ ನಿರ್ಧರಿಸುವ ಅಧಿಕಾರವನ್ನು ಮೊದಲೇ ಲಿಖಿತವಾಗಿ ಕೊಟ್ಟಿರಬೇಕು. ಮುಖ್ಯೋಪಾಧ್ಯಾಯರು ಸಭೆಗೆಂದು ಪರವೂರಿಗೆ ಹೋದ ದಿನವೇ ಪತ್ರ ಬರಲಾರದೆಂದು ಯಾರು ಹೇಳಬಲ್ಲರು?

ಮಕ್ಕಳನ್ನು ಹೊರಗೆ ಕರೆದೊಯ್ಯುವಾಗ ತರಗತಿವಾರು ಸಾಲು, ನಿಗದಿಯಾದ ಮೆಟ್ಟಿಲು, ನಿಗದಿಯಾದ ಮೈದಾನ ಇರಬೇಕು. ಶಿಕ್ಷಕರ ಕೈಯಲ್ಲಿ ಹಾಜರಿ ಪುಸ್ತಕವಿರಬೇಕು. ಮೈದಾನ ಸೇರಿದೊಡನೆ ಹೆಸರು ಕರೆದು ಎಣಿಸಬೇಕು. ಶೌಚಾಲಯದಲ್ಲಿ, ಪ್ರಯೋಗಾಲಯದಲ್ಲಿ, ವಾಚನಾಲಯದಲ್ಲಿ ಉಳಿದ ಮಗುವನ್ನು ಪತ್ತೆ ಹಚ್ಚುವುದು ಈ ಎಣಿಕೆಯಿಂದಲೇ. ನಡೆಯಲಾಗದ ಮಗುವನ್ನು ಎತ್ತಿಕೊಂಡು ಹೋಗುವವರು ಯಾರು, ಕಿವಿ ಕೇಳದ ಮಗುವಿಗೆ ತಿಳಿಸುವವರು ಯಾರು ಎಂಬುದೂ ಮೊದಲೇ ಗೊತ್ತಿರಬೇಕು. ಸಂಶಯಾಸ್ಪದವಾದ ಚೀಲವನ್ನೋ ಡಬ್ಬಿಯನ್ನೋ ಕಂಡವರು ಮುಟ್ಟಬಾರದು, ಅದರ ಬಳಿ ನಿಂತು ಮೊಬೈಲ್ ಬಳಸಬಾರದು, ದೂರ ಸರಿದು ಪೊಲೀಸರಿಗೆ ತೋರಿಸಬೇಕು.

ಒಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಟ್ಟಡದಲ್ಲಿ ಯಾವ ವಸ್ತು ಅಲ್ಲಿರಬೇಕಾದದ್ದು, ಯಾವುದು ಹೊರಗಿನಿಂದ ಬಂದದ್ದು ಎಂಬುದನ್ನು ಪೊಲೀಸರಿಗಿಂತ ಚೆನ್ನಾಗಿ ಬಲ್ಲವರು ಶಾಲೆಯ ಜವಾನರು, ಕಸ ಗುಡಿಸುವ ಹೆಂಗಸರು, ಕಾವಲುಗಾರರು. ಶೋಧನೆಯ ದಳಕ್ಕೆ ದಾರಿ ತೋರಬಲ್ಲವರು ಅವರೇ. ಆದರೆ ಶಾಲೆಯ ಸುರಕ್ಷತೆಯ ತರಬೇತಿ ಎಂದರೆ ಶಿಕ್ಷಕರಿಗೆ ಮಾತ್ರ ಎಂದು ಭಾವಿಸುವ ಸಂಸ್ಥೆಗಳೇ ಹೆಚ್ಚು.

ಇವೆಲ್ಲ ಹೊಸ ಉಪದೇಶಗಳಲ್ಲ. ಕುಂಭಕೋಣಂ ದುರಂತದ ಹಿನ್ನೆಲೆಯಲ್ಲಿ 2009ರ ಎಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಮಗುವಿನ ಮೂಲಭೂತ ಹಕ್ಕಿನ ಭಾಗವೆಂದು ಸಾರಿ, ಬೆಂಕಿ ನಂದಿಸುವ ಸಲಕರಣೆ, ಶಿಕ್ಷಕರ ತರಬೇತಿ, ಪಾರಾಗುವ ಅಭ್ಯಾಸ ಮೊದಲಾದವುಗಳ ಬಗ್ಗೆ ನಿರ್ದೇಶನ ನೀಡಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಶಾಲಾ ಸುರಕ್ಷತೆಯ ಮಾರ್ಗಸೂಚಿಯನ್ನು ಪ್ರಕಟಿಸಿತು. ಕೇಂದ್ರ ಶಿಕ್ಷಣ ಸಚಿವಾಲಯದ 2021ರ ಮಾರ್ಗಸೂಚಿಯು ಮಕ್ಕಳ ಸುರಕ್ಷತೆಯಲ್ಲಿ ಲೋಪವಾದರೆ ಆಡಳಿತ ಮಂಡಳಿ ಮತ್ತು ಮುಖ್ಯೋಪಾಧ್ಯಾಯರನ್ನು ಹೊಣೆಗಾರರನ್ನಾಗಿಸುತ್ತದೆ. ದಿಲ್ಲಿಯ ಬೆದರಿಕೆಗಳ ಬಗ್ಗೆ ಸಲ್ಲಿಕೆಯಾದ ಅರ್ಜಿಯ ವಿಚಾರಣೆ ನಡೆಸಿದ ಅಲ್ಲಿನ ಹೈಕೋರ್ಟು, 2024ರ ನವೆಂಬರ್‌ನಲ್ಲಿ, ಇಂಥ ಸಂದರ್ಭದಲ್ಲಿ ಯಾರು ಏನು ಮಾಡಬೇಕೆಂಬ ವಿವರವಾದ ಕಾರ್ಯವಿಧಾನವನ್ನು ಎಂಟು ವಾರಗಳೊಳಗೆ ರೂಪಿಸಬೇಕೆಂದು ಸರಕಾರಕ್ಕೂ ಪೊಲೀಸರಿಗೂ ಆದೇಶಿಸಿತು. ಕಾಗದದ ಮೇಲೆ ಕೊರತೆಯಿಲ್ಲ. ಕಾಗದವು ಕಪಾಟಿನಿಂದ ಇಳಿದು ಮೈದಾನಕ್ಕೆ ಬಂದಿದೆಯೇ ಎಂಬುದೊಂದೇ ಪ್ರಶ್ನೆ.

ಹೆತ್ತವರಿಗೆ ಏನು ಹೇಳಬೇಕು?

ಬೆದರಿಕೆ ಬಂದಾಗ ಶಾಲೆಗಳು ಹೆಚ್ಚಾಗಿ ತಪ್ಪುವುದು ಮಕ್ಕಳನ್ನು ಹೊರಗೆ ತರುವುದರಲ್ಲಿ ಅಲ್ಲ, ಮಾತನಾಡುವುದರಲ್ಲಿ. ಸಂಸ್ಥೆಯ ಹೆಸರು ಕೆಡಬಾರದೆಂದು ವಿಷಯವನ್ನು ಮುಚ್ಚಿಟ್ಟು, "ತಾಂತ್ರಿಕ ಕಾರಣದಿಂದ ಇಂದು ಶಾಲೆಗೆ ಬೇಗ ರಜೆ" ಎಂಬ ಸಂದೇಶ ಕಳುಹಿಸುವ ಪ್ರಲೋಭನೆ ದೊಡ್ಡದು. ಆದರೆ ದೂರದರ್ಶನ ವಾಹಿನಿಗಳೂ ವಾಟ್ಸ್‌ಆ್ಯಪ್ ಗುಂಪುಗಳೂ ಇರುವ ಈ ಕಾಲದಲ್ಲಿ ಮುಚ್ಚಿಟ್ಟ ಸುದ್ದಿ ಹತ್ತು ನಿಮಿಷ ಉಳಿಯದು. ಸತ್ಯವನ್ನು ಶಾಲೆ ಹೇಳದಿದ್ದರೆ ಸುಳ್ಳನ್ನು ಊರು ಹೇಳುತ್ತದೆ. ಒಮ್ಮೆ ಸುಳ್ಳು ಹೇಳಿದ ಶಾಲೆಯ ಮಾತನ್ನು ಮುಂದಿನ ಸಲ ಯಾರೂ ನಂಬರು.

ಹೆತ್ತವರಿಗೆ ತಲುಪಬೇಕಾದದ್ದು ಕೆಲವೇ ವಾಕ್ಯಗಳು. ಬೆದರಿಕೆ ಬಂದಿದೆ, ಪೊಲೀಸರಿಗೆ ತಿಳಿಸಲಾಗಿದೆ, ಮಕ್ಕಳು ಇಂಥ ಸ್ಥಳದಲ್ಲಿ ಸುರಕ್ಷಿತರಾಗಿದ್ದಾರೆ, ಇಷ್ಟು ಗಂಟೆಗೆ ಮುಂದಿನ ಮಾಹಿತಿ ನೀಡುತ್ತೇವೆ, ಅಲ್ಲಿಯ ತನಕ ಶಾಲೆಯ ದ್ವಾರದ ಬಳಿ ಬರಬೇಡಿರಿ. ಮಗುವನ್ನು ಕರೆದೊಯ್ಯಲು ಯಾವ ಸ್ಥಳಕ್ಕೆ, ಯಾವ ಗುರುತಿನೊಂದಿಗೆ ಬರಬೇಕೆಂಬುದೂ ಅದರಲ್ಲಿರಬೇಕು. ಗೊಂದಲದ ನಡುವೆ ಮಗು ಯಾರ ಕೈ ಹಿಡಿದು ಹೋಯಿತೆಂದು ಗೊತ್ತಾಗದಿದ್ದರೆ ಹುಸಿ ಬೆದರಿಕೆಯಿಂದ ನಿಜವಾದ ಸಂಕಟ ಹುಟ್ಟುತ್ತದೆ.

ಇಲ್ಲಿ ಹೆತ್ತವರ ಪಾಲೂ ಇದೆ. ಬೆದರಿಕೆಯ ಸುದ್ದಿ ಕಿವಿಗೆ ಬಿದ್ದಾಗ ತಾಯಿಯ ಕಾಲುಗಳು ತಾವಾಗಿಯೇ ಶಾಲೆಯತ್ತ ಓಡುತ್ತವೆ. ಅದನ್ನು ತಪ್ಪೆನ್ನಲು ಯಾರಿಗೂ ಮನಸ್ಸು ಬಾರದು. ಆದರೂ ಇಕ್ಕಟ್ಟಾದ ರಸ್ತೆಯಲ್ಲಿ ನೂರು ಕಾರು, ಇನ್ನೂರು ಸ್ಕೂಟರು ಸೇರಿದರೆ ಬಾಂಬ್ ನಿಷ್ಕ್ರಿಯ ದಳದ ವಾಹನಕ್ಕೂ ಆಂಬುಲೆನ್ಸಿಗೂ ದಾರಿಯಿಲ್ಲದಂತಾಗುತ್ತದೆ. ಅವಸರದಲ್ಲಿ ಒಳನುಗ್ಗುವ ಪ್ರತಿಯೊಬ್ಬರೂ ಎಣಿಕೆಯ ಕೆಲಸವನ್ನು ಕೆಡಿಸುತ್ತಾರೆ. ನಮ್ಮ ಮಗುವನ್ನು ಉಳಿಸಿಕೊಳ್ಳುವ ಆತುರವು ಇನ್ನೊಬ್ಬರ ಮಗುವಿಗೆ ಅಪಾಯ ತರಬಾರದಲ್ಲವೆ?

ಪತ್ರದಲ್ಲಿರುವ ಹೆಸರು, ಬರೆದ ಕೈ

ಬೆದರಿಕೆಯ ಪತ್ರಗಳಲ್ಲಿ ಅನೇಕ ವೇಳೆ ಯಾವುದೋ ಧರ್ಮದ, ಸಂಘಟನೆಯ, ವ್ಯಕ್ತಿಯ ಹೆಸರು ಇರುತ್ತದೆ. 2023ರ ಬೆಂಗಳೂರಿನ ಪತ್ರಗಳಲ್ಲಿಯೂ ಧರ್ಮದ ಹೆಸರಿನಲ್ಲಿ ಕೊಲೆಯ ಮಾತುಗಳಿದ್ದವು. ಓದಿದವರ ಮನಸ್ಸು ಒಡನೆ ಒಂದು ಸಮುದಾಯದತ್ತ ಬೆರಳು ತೋರುತ್ತದೆ. ಆದರೆ ಪತ್ರದಲ್ಲಿರುವ ಹೆಸರೇ ಪತ್ರ ಬರೆದ ಕೈಯೆಂದು ನಂಬುವುದು ವಂಚಕನ ಇಚ್ಛೆಯನ್ನು ನಾವೇ ಪೂರೈಸಿದಂತೆ.

2025ರ ಜೂನ್‌ನಲ್ಲಿ ಅಹಮದಾಬಾದಿನ ಪೊಲೀಸರು ಚೆನ್ನೈಯಲ್ಲಿ ಒಬ್ಬ ಮಹಿಳಾ ಇಂಜಿನಿಯರರನ್ನು ಬಂಧಿಸಿದರು. ಪೊಲೀಸರ ಹೇಳಿಕೆಯ ಪ್ರಕಾರ, ತನ್ನನ್ನು ಒಲ್ಲದೆ ಬೇರೆ ಮದುವೆಯಾದ ವ್ಯಕ್ತಿಯನ್ನು ಸಿಕ್ಕಿಹಾಕಿಸುವುದಕ್ಕಾಗಿ ಆಕೆ ಅವನ ಹೆಸರಿನಲ್ಲಿ ಹಲವು ರಾಜ್ಯಗಳ ಶಾಲೆ, ಕ್ರೀಡಾಂಗಣ ಮೊದಲಾದವುಗಳಿಗೆ ಬಾಂಬ್ ಬೆದರಿಕೆ ಕಳುಹಿಸುತ್ತಿದ್ದಳು. 2024ರ ಕೊನೆಯಲ್ಲಿ ದಿಲ್ಲಿಯ ಶಾಲೆಯೊಂದಕ್ಕೆ ಬಂದ ಬೆದರಿಕೆಯ ಹಿಂದೆ ಅದೇ ಶಾಲೆಯ ವಿದ್ಯಾರ್ಥಿಗಳಾದ ಒಡಹುಟ್ಟಿದವರಿಬ್ಬರು ಇದ್ದರೆಂದೂ ಪರೀಕ್ಷೆಯನ್ನು ಮುಂದೂಡಿಸುವುದೇ ಅವರ ಗುರಿಯಾಗಿತ್ತೆಂದೂ ಪೊಲೀಸರು ತಿಳಿಸಿದರು. 2025ರ ಜನವರಿಯಲ್ಲಿ 20ಕ್ಕೂ ಹೆಚ್ಚು ಶಾಲೆಗಳಿಗೆ ಬಂದ ಪತ್ರಗಳ ಜಾಡು ಹಿಡಿದ ಅದೇ ದಿಲ್ಲಿ ಪೊಲೀಸರು ತಲುಪಿದ್ದು ಹನ್ನೆರಡನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಬಳಿಗೆ. ಉಗ್ರನನ್ನು ಹುಡುಕಿ ಹೊರಟವರಿಗೆ ಪರೀಕ್ಷೆಗೆ ಹೆದರಿದ ಹುಡುಗ ಸಿಕ್ಕಿದ.

ಸಂದೇಹದ ಬೆರಳು ಎಷ್ಟು ಸುಲಭವಾಗಿ ಯಾರ ಮೇಲೂ ತಿರುಗಬಲ್ಲುದೆಂಬುದನ್ನು ನಮ್ಮ ಸಮುದಾಯ ಅನುಭವದಿಂದ ಬಲ್ಲುದು. 2021ರ ಡಿಸೆಂಬರ್ 6ರಂದು ಮಧ್ಯಪ್ರದೇಶದ ಗಂಜ್ ಬಸೋದಾದ ಸೈಂಟ್ ಜೋಸೆಫ್ ಶಾಲೆಯ ಮೇಲೆ ಗುಂಪೊಂದು ಕಲ್ಲು ತೂರಿ ದಾಳಿ ನಡೆಸಿತು. ಆ ಹೊತ್ತಿಗೆ ಹನ್ನೆರಡನೆಯ ತರಗತಿಯ ಮಕ್ಕಳು ಒಳಗೆ ಪರೀಕ್ಷೆ ಬರೆಯುತ್ತಿದ್ದರು. ಶಾಲೆಯಲ್ಲಿ ಹಿಂದೂ ಮಕ್ಕಳನ್ನು ಮತಾಂತರಿಸಲಾಗಿದೆಯೆಂಬ ಸುದ್ದಿ ಅದಕ್ಕೆ ಮೊದಲೇ ಸಾಮಾಜಿಕ ಜಾಲತಾಣಗಳಲ್ಲಿ ಹರಡಿತ್ತು. ಸುದ್ದಿಗೆ ಆಧಾರವಾಗಿ ತೋರಿಸಲಾದ ಚಿತ್ರವು ಚರ್ಚಿನಲ್ಲಿ ಕೆಥೋಲಿಕ ಮಕ್ಕಳು ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಸಂದರ್ಭದ್ದೆಂದೂ ಅದಕ್ಕೂ ಶಾಲೆಗೂ ಸಂಬಂಧವಿಲ್ಲವೆಂದೂ ಶಾಲೆಯವರು ವಿವರಿಸಿದರು. ದಾಳಿಯ ಸುಳಿವು ಮುಂಚಿತವಾಗಿಯೇ ದೊರೆತು ಪೊಲೀಸರಿಗೆ ತಿಳಿಸಿದ್ದರೂ ಸಾಕಷ್ಟು ರಕ್ಷಣೆ ದೊರೆಯಲಿಲ್ಲವೆಂಬುದು ಅವರ ದೂರು.

ಗುಂಪಿನ ಬೆದರಿಕೆಯು ಅನಾಮಧೇಯ ಇ-ಮೇಲಿನಂಥದಲ್ಲ. ಇಲ್ಲಿ ಬೆದರಿಸುವವನಿಗೆ ಮುಖವಿದೆ, ದಿನ ನಿಗದಿಯಾಗಿದೆ, ಉದ್ದೇಶ ಬಹಿರಂಗವಾಗಿದೆ. ಇಂಥ ಸುಳಿವು ಸಿಕ್ಕಿದಾಗ ಬಾಯಿಮಾತಿನಲ್ಲಿ ಠಾಣೆಗೆ ತಿಳಿಸಿ ಸುಮ್ಮನಾಗುವುದು ಸಾಲದು. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಜಿಲ್ಲಾಧಿಕಾರಿಗೂ ಪೊಲೀಸ್ ವರಿಷ್ಠಾಧಿಕಾರಿಗೂ ಅದರ ಪ್ರತಿ ಹೋಗಬೇಕು. ಅನ್ಯಧರ್ಮೀಯ ಹೆತ್ತವರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಕರೆದು ವಿಷಯವನ್ನು ತೆರೆದಿಡಬೇಕು. ಶಾಲೆಯ ಬಗ್ಗೆ ಸುಳ್ಳು ಹಬ್ಬಿದಾಗ ಅದನ್ನು ಅಲ್ಲಗಳೆಯಲು ನಮಗಿಂತ ಬಲವಾದ ಸಾಕ್ಷಿ ಅದೇ ಶಾಲೆಯಲ್ಲಿ ಓದಿ ಹೊರಬಂದ ಹಿಂದೂ, ಮುಸ್ಲಿಂ, ಜೈನ ವಿದ್ಯಾರ್ಥಿಗಳು.

ಒಳಗಿನಿಂದ ಬರುವ ಮಾತು

ಇಷ್ಟರ ತನಕ ಹೇಳಿದ್ದು ಹೊರಗಿನಿಂದ ಬರುವ ಬೆದರಿಕೆಯ ವಿಚಾರ. ಇನ್ನೊಂದು ಬಗೆಯದು ಶಾಲೆಯ ಒಳಗಿನಿಂದಲೇ, ವಿದ್ಯಾರ್ಥಿಯ ಬಾಯಿಂದ ಬರುತ್ತದೆ. ಇದನ್ನು ಹೆಚ್ಚು ಅಧ್ಯಯನ ಮಾಡಿದ ದೇಶ ಅಮೆರಿಕ. ಏಕೆಂದರೆ ಹೆಚ್ಚು ನೊಂದದ್ದೂ ಅದೇ. 1999ರ ಎಪ್ರಿಲ್ 20ರಂದು ಕೊಲರಾಡೊ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಗುಂಡಿಟ್ಟು ಕೊಂದ ಬಳಿಕ, ಅಲ್ಲಿನ ಅಧ್ಯಕ್ಷರ ಅಂಗರಕ್ಷಣೆಯ ಹೊಣೆ ಹೊತ್ತ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಜೊತೆಗೂಡಿ 1974ರಿಂದ 2000ದ ತನಕ ನಡೆದ 37 ದಾಳಿಗಳನ್ನು ಪರಿಶೀಲಿಸಿದವು. 2002ರಲ್ಲಿ ಪ್ರಕಟವಾದ ಆ ವರದಿಯ ಎರಡು ನಿಷ್ಕರ್ಷೆಗಳು ಚಿಂತನಾರ್ಹ. ಒಂದು, ದಾಳಿ ನಡೆಸಿದವರಲ್ಲಿ ಹೆಚ್ಚಿನವರು ಮುಂಚಿತವಾಗಿ ತಮ್ಮ ಗುರಿಯನ್ನು ನೇರವಾಗಿ ಬೆದರಿಸಿರಲಿಲ್ಲ. ಎರಡು, 81 ಶೇಕಡಾ ದಾಳಿಗಳಲ್ಲಿ ಕನಿಷ್ಠ ಒಬ್ಬರಿಗಾದರೂ, ಹೆಚ್ಚಾಗಿ ಗೆಳೆಯರಿಗೆ, ಹುಡುಗನ ಮನಸ್ಸಿನಲ್ಲಿದ್ದುದು ಮೊದಲೇ ಗೊತ್ತಿತ್ತು.

ಬೊಗಳುವ ನಾಯಿ ಕಚ್ಚದೆಂಬ ಗಾದೆ ಇಲ್ಲಿ ಬಹುಮಟ್ಟಿಗೆ ನಿಜವಾಯಿತು. ಆದರೆ ಕಚ್ಚುವ ಮನಸ್ಸು ಯಾರದೋ ಕಿವಿಯಲ್ಲಿ ಪಿಸುಗುಟ್ಟಿರುತ್ತದೆ. ಆ ಪಿಸುಮಾತು ದೊಡ್ಡವರನ್ನು ತಲುಪುವುದೇ ಇಲ್ಲ. ಗೆಳೆಯನ ಮೇಲೆ ಚಾಡಿ ಹೇಳಿದಂತಾಗುವುದೆಂಬ ಅಳುಕು ಒಂದು ಕಾರಣ. ಹೇಳಿದರೂ ಯಾರು ಕೇಳುತ್ತಾರೆಂಬ ನಿರಾಶೆ ಮತ್ತೊಂದು.

ಕೊಲಂಬೈನ್‌ಗೆ ಮೊದಲೇ, 1994ರಲ್ಲಿ, ಅಮೆರಿಕ ಒಂದು ಕಾನೂನು ಮಾಡಿ ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಒಂದು ವರ್ಷ ಹೊರಹಾಕಬೇಕೆಂದು ವಿಧಿಸಿತ್ತು. ಮುಂದೆ ಅನೇಕ ಶಾಲೆಗಳು ಈ ನಿಷ್ಠುರ ನೀತಿಯನ್ನು ಆಟಿಕೆಯ ಬಂದೂಕಿಗೂ ಸಿಟ್ಟಿನ ಮಾತಿಗೂ ವಿಸ್ತರಿಸಿದವು. ಈ ನೀತಿಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದುವೆಂಬುದಕ್ಕೆ ಆಧಾರವಿಲ್ಲವೆಂದು ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆ 2008ರಲ್ಲಿ ತೀರ್ಮಾನಿಸಿತು. ವರ್ಜೀನಿಯಾ ರಾಜ್ಯ ಬೇರೆ ಮಾರ್ಗ ಹಿಡಿಯಿತು. 2013ರಲ್ಲಿ ಅಲ್ಲಿನ ಸರಕಾರಿ ಶಾಲೆಗಳಲ್ಲಿ ಆಡಳಿತಗಾರರು, ಆಪ್ತಸಲಹೆಗಾರರು, ಪೊಲೀಸರು ಸೇರಿದ ತಂಡಗಳನ್ನು ಕಾನೂನಿನ ಮೂಲಕವೇ ಕಡ್ಡಾಯಗೊಳಿಸಲಾಯಿತು. ವಿದ್ಯಾರ್ಥಿಯೊಬ್ಬ ಬೆದರಿಕೆಯ ಮಾತಾಡಿದನೆಂದರೆ ಈ ತಂಡ ವಿಚಾರಿಸುತ್ತದೆ. ಗಳಿಗೆಯ ಸಿಟ್ಟಾಗಿದ್ದರೆ ಕ್ಷಮೆ ಕೇಳಿಸಿ, ತಿದ್ದಿ ಮುಗಿಸುತ್ತದೆ. ಯೋಜನೆ, ಆಯುಧ, ನಿರ್ದಿಷ್ಟ ಗುರಿ ಇದ್ದರೆ ಒಡನೆ ಎಚ್ಚರಿಸಿ ರಕ್ಷಣೆಯ ಕ್ರಮ ಕೈಗೊಳ್ಳುತ್ತದೆ.

ವಿಚಾರಣೆ ಅರ್ಧಕ್ಕೆ ನಿಂತರೆ ಏನಾಗುವುದೆಂಬುದಕ್ಕೆ ಮಿಶಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯ ಘಟನೆ ಸಾಕ್ಷಿ. 2021ರ ನವೆಂಬರ್ 30ರ ಬೆಳಿಗ್ಗೆ ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬ ಬಂದೂಕಿನ ಚಿತ್ರ ಬಿಡಿಸಿ, ತನಗೆ ಸಹಾಯ ಬೇಕೆಂಬ ಅರ್ಥದ ಮಾತುಗಳನ್ನು ಬರೆದಿದ್ದುದನ್ನು ಶಿಕ್ಷಕಿ ಕಂಡು ಕಚೇರಿಗೆ ತಿಳಿಸಿದರು. ಹೆತ್ತವರನ್ನು ಕರೆಸಲಾಯಿತು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಕೆಲವೇ ದಿನಗಳ ಹಿಂದೆ ಅವನಿಗಾಗಿ ಪಿಸ್ತೂಲು ಕೊಂಡದ್ದನ್ನೂ ಹೇಳಲಿಲ್ಲ. ಶಾಲೆಯವರು ಅವನ ಚೀಲವನ್ನು ಪರಿಶೀಲಿಸದೆ ತರಗತಿಗೆ ಮರಳಿ ಕಳುಹಿಸಿದರು. ಪಿಸ್ತೂಲು ಆ ಚೀಲದಲ್ಲಿಯೇ ಇತ್ತು. ಅಂದು ಮಧ್ಯಾಹ್ನ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. 2024ರಲ್ಲಿ ತಾಯಿ ತಂದೆ ಇಬ್ಬರೂ ಅಪರಾಧಿಗಳೆಂದು ತೀರ್ಮಾನವಾಗಿ ತಲಾ ಹತ್ತರಿಂದ ಹದಿನೈದು ವರ್ಷಗಳ ಸೆರೆವಾಸದ ಶಿಕ್ಷೆಗೊಳಗಾದರು. ಒಂದೇ ಕೊಠಡಿಯಲ್ಲಿ ಕುಳಿತ ಶಾಲೆಯೂ ಮನೆಯೂ ತಮಗೆ ತಿಳಿದಿದ್ದುದನ್ನು ಒಂದುಗೂಡಿಸಿದ್ದರೆ ಆ ನಾಲ್ಕು ಜೀವಗಳು ಉಳಿಯುತ್ತಿದ್ದವೋ ಏನೋ.

ಮನೆಮನೆಯಲ್ಲಿ ಬಂದೂಕಿರುವ ಅಮೆರಿಕದ ಸ್ಥಿತಿ ನಮ್ಮಲ್ಲಿಲ್ಲವೆಂಬುದು ನಿಜ. ಆದರೆ ಪರೀಕ್ಷೆಯ ಭಯ, ಅವಮಾನ, ಸಹಪಾಠಿಗಳ ಕಾಟ, ಒಂಟಿತನ ಇವು ಎಲ್ಲ ದೇಶಗಳ ಮಕ್ಕಳಿಗೂ ಸಮಾನ. ಅಲ್ಲಿ ಬಂದೂಕಿನಲ್ಲಿ ಕೊನೆಗೊಳ್ಳುವುದು ಇಲ್ಲಿ ಹುಸಿ ಇ-ಮೇಲಿನಲ್ಲಿಯೋ ಮನೆ ಬಿಟ್ಟು ಓಡುವುದರಲ್ಲಿಯೋ ಆತ್ಮಹತ್ಯೆಯಲ್ಲಿಯೋ ಕೊನೆಗೊಳ್ಳಬಹುದು. ಪರೀಕ್ಷೆ ತಪ್ಪಿಸಲು ಊರನ್ನೇ ನಡುಗಿಸಿದ ಮಗು ಶಿಕ್ಷಾರ್ಹವೆಂಬುದರಲ್ಲಿ ಸಂಶಯವಿಲ್ಲ. ಅಷ್ಟರ ಮಟ್ಟಿಗೆ ಅದನ್ನು ಹೆದರಿಸಿದ್ದು ಯಾವುದೆಂದು ಕೇಳಬೇಕಾದದ್ದೂ ಅಷ್ಟೇ ಅಗತ್ಯ.

ಶಿಕ್ಷೆಯೂ ತಿದ್ದುಪಡಿಯೂ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಪ್ರಕಾರ ಕೊಲೆಬೆದರಿಕೆ ಹಾಕುವವರಿಗೆ ಏಳು ವರ್ಷಗಳ ತನಕ ಸೆರೆವಾಸ ವಿಧಿಸಬಹುದು. ಹೆಸರು ಮರೆಸಿ ಬೆದರಿಸಿದ್ದಕ್ಕೆ ಇನ್ನೂ ಎರಡು ವರ್ಷಗಳ ತನಕ ಹೆಚ್ಚುವರಿ ಶಿಕ್ಷೆಯಿದೆ. ವಯಸ್ಕರು ವಿಕೃತ ಆನಂದಕ್ಕಾಗಿಯೋ ಸೇಡಿಗಾಗಿಯೋ ಈ ಕೃತ್ಯವೆಸಗಿದರೆ ಕಾನೂನು ತನ್ನ ಪೂರ್ಣ ಬಲವನ್ನು ತೋರಿಸಲಿ. ಆದರೆ ಹದಿನೆಂಟು ತುಂಬದ ಮಗುವಿನ ಪ್ರಕರಣ ಬಾಲನ್ಯಾಯ ಕಾಯಿದೆಯ ಪ್ರಕಾರ ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತದೆ. ತಿದ್ದಿ ಸಮಾಜಕ್ಕೆ ಮರಳಿಸುವುದೇ ಆ ಕಾಯಿದೆಯ ಆಶಯ. ದಿಲ್ಲಿಯ ಒಡಹುಟ್ಟಿದವರಿಬ್ಬರಿಗೆ ಪೊಲೀಸರು ಬುದ್ಧಿ ಹೇಳಿ, ಹೆತ್ತವರನ್ನು ಎಚ್ಚರಿಸಿ ಬಿಟ್ಟರು.

ಅಂಥ ಮಗುವಿಗೆ ಕೂಡಲೇ ವರ್ಗಾವಣೆ ಪತ್ರ ಕೊಟ್ಟು ಕೈತೊಳೆದುಕೊಳ್ಳುವುದು ಸಂಸ್ಥೆಗಳಿಗೆ ಸುಲಭದ ದಾರಿ. ಶಿಸ್ತಿಗೆ ಹೆಸರಾದ ನಮ್ಮ ಶಾಲೆಗಳಿಗಂತೂ ಈ ಸೆಳೆತ ಹೆಚ್ಚು. ಉಳಿದ ಸಾವಿರ ಮಕ್ಕಳ ಹಿತ ಕಾಪಾಡಬೇಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಕೆಲವೊಮ್ಮೆ ಸ್ವಲ್ಪ ಕಾಲ ದೂರವಿಡುವುದು ಅನಿವಾರ್ಯವೂ ಆಗಬಹುದು. ಆದರೆ ಒಂದು ಶಾಲೆ ಹೊರದೂಡಿದ ಮಗು ಇಲ್ಲವಾಗುವುದಿಲ್ಲ. ಮೊದಲಿನ ಸಿಟ್ಟಿಗೆ ಹೊಸ ಸಿಟ್ಟನ್ನು ಸೇರಿಸಿಕೊಂಡು ಮತ್ತೊಂದು ಬಾಗಿಲಲ್ಲಿ ನಿಲ್ಲುತ್ತದೆ. ತಪ್ಪಿಹೋದ ಒಂದು ಕುರಿಯನ್ನು ಹುಡುಕಿ ಹೊರಟ ಕುರುಬನನ್ನು ಮಾದರಿಯೆಂದು ಬೋಧಿಸುವ ನಾವು ಇಂಥ ಮಗುವಿನ ವಿಷಯದಲ್ಲಿ ಅವಸರದ ನಿರ್ಧಾರ ಕೈಗೊಳ್ಳುವಂತಿಲ್ಲ.

ಮುಂದಿನ ಸಭೆಗೆ ಒಂದು ವಿಷಯ

ಹೊರಗಿನಿಂದ ಬರುವ ಬೆದರಿಕೆಗೆ ಸಿದ್ಧತೆ ಬೇಕು. ಒಳಗಿನಿಂದ ಬರುವ ಮಾತಿಗೆ ಕಿವಿ ಬೇಕು. ಮೊದಲನೆಯದರಲ್ಲಿ ಊಹೆಗೆ ಎಡೆಯಿಲ್ಲ, ಬರೆದಿಟ್ಟ ಕ್ರಮವನ್ನು ಪಾಲಿಸಬೇಕು. ಎರಡನೆಯದರಲ್ಲಿ ಯಾಂತ್ರಿಕ ಕ್ರಮ ಸಾಲದು, ಮಗುವಿನ ಮುಖ ನೋಡಿ ವಿಚಾರಿಸಬೇಕು. ಎರಡರಲ್ಲಿಯೂ ಶಾಲೆ ಹೆತ್ತವರಿಂದ ಸತ್ಯವನ್ನು ಮರೆಮಾಡಬಾರದು. ಹೆತ್ತವರೂ ಶಾಲೆಯಿಂದ ಮರೆಮಾಡಬಾರದು.

ನಮ್ಮ ಶಾಲೆಗಳ ರಕ್ಷಕ-ಶಿಕ್ಷಕ ಸಂಘಗಳ ಸಭೆಗಳಲ್ಲಿ ಶುಲ್ಕ, ಸಮವಸ್ತ್ರ, ಫಲಿತಾಂಶ, ವಾರ್ಷಿಕೋತ್ಸವಗಳ ಚರ್ಚೆ ಬೇಕಾದಷ್ಟು ನಡೆಯುತ್ತದೆ. ಮುಂದಿನ ಸಭೆಯಲ್ಲಿ ಹೆತ್ತವರು ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಬೆದರಿಕೆ ಬಂದರೆ ಏನು ಮಾಡಬೇಕೆಂಬ ಲಿಖಿತ ಯೋಜನೆ ಈ ಶಾಲೆಯಲ್ಲಿದೆಯೇ? ಪಾರಾಗುವ ಅಭ್ಯಾಸ ಕೊನೆಯ ಬಾರಿ ನಡೆದದ್ದು ಯಾವಾಗ? ನಮಗೆ ಸುದ್ದಿ ತಿಳಿಸುವವರು ಯಾರು, ಮಗುವನ್ನು ಒಪ್ಪಿಸುವ ಸ್ಥಳ ಯಾವುದು? ನೊಂದ ಮಗು ಹೆದರದೆ ಹೋಗಿ ಮಾತಾಡಬಹುದಾದ ಒಬ್ಬ ಹಿರಿಯರು ಈ ಶಾಲೆಯಲ್ಲಿದ್ದಾರೆಯೇ?

ಈ ಪ್ರಶ್ನೆಗಳನ್ನು ಅಪನಂಬಿಕೆಯೆಂದು ಆಡಳಿತದವರು ಭಾವಿಸಬೇಕಾಗಿಲ್ಲ. ಉತ್ತರ ಸಿದ್ಧವಾಗಿದ್ದರೆ ಐದು ನಿಮಿಷಗಳಲ್ಲಿ ಮುಗಿಯುವ ಮಾತು ಇದು. ಸಿದ್ಧವಾಗಿಲ್ಲದಿದ್ದರೆ, ಬಾವಿ ತೋಡಲು ಮನೆಗೆ ಬೆಂಕಿ ಬೀಳುವ ತನಕ ಕಾಯದೆ, ಆ ಸಭೆಯಲ್ಲಿಯೇ ಕೆಲಸವನ್ನು ಆರಂಭಿಸಬಹುದು.